ಅಣಬೆ ಹವಳದ ಬಾನಿ

ಹೊನ್ನಾಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಚೌಡೇಶ್ವರಿಯ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೀನಿನಂಗಡಿ ಮಾಲತೇಶನ ಹೆಂಡತಿ ಎಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಮಾಲತೇಶ ಹೋಗಿ ವರ್ಷದ ಮೇಲಾಯಿತು, ಅಂಗಡಿಯ ಜಾಗದಲ್ಲಿ ಈಗ ಮೊಬೈಲು ರಿಪೇರಿಯವನು ಕೂತಿದ್ದಾನೆ. ಆದರೂ ಅವಳ ಗುರುತು ಮಾತ್ರ ಆ ಅಂಗಡಿಯ ಹೆಸರಿನಲ್ಲೇ ಉಳಿದುಬಿಟ್ಟಿದೆ.

ಅದು ತಿನ್ನುವ ಮೀನಿನ ಅಂಗಡಿಯಲ್ಲ, ನೋಡುವ ಮೀನಿನದು. ಮಾಲತೇಶ ಬಿಳಿಚೋಡಿನ ಕಡೆಯ ಕುರಿ ಕಾಯುವ ಮನೆಯವನು. ಹೋಟೆಲ್ ಕೆಲಸಕ್ಕೆಂದು ಮಂಗಳೂರಿಗೆ ಹೋದ ಹುಡುಗ, ಹೋಟೆಲಿನ ಪಕ್ಕದಲ್ಲಿದ್ದ ಅಕ್ವೇರಿಯಂ ಅಂಗಡಿಯ ಗಾಜಿಗೆ ಹಣೆ ಹಚ್ಚಿ ನಿಂತು ನಿಂತು, ಕೊನೆಗೆ ಅಲ್ಲೇ ಕೆಲಸಕ್ಕೆ ಸೇರಿಕೊಂಡ. ಕೆಲಸ ಕಲಿತು ಹೊನ್ನಾಳಿಗೆ ಬಂದು ತನ್ನದೇ ಅಂಗಡಿ ಇಟ್ಟಾಗ ಅವನ ಅಣ್ಣ ರೇವಣ್ಣ ಮಂದಿಯ ಮುಂದೆಲ್ಲ ಹೇಳಿಕೊಂಡು ನಕ್ಕಿದ್ದ: “ಕುಡಿಯಾಕೆ ನೀರಿಲ್ಲದ ಊರಾಗೆ ಹುಟ್ಟಿದೋನು, ನೀರು ತುಂಬಿದ ಡಬ್ಬಿ ಮಾರಾಕೆ ಹೊಂಟಾನೆ.”

ತ್ಯಾವಣಿಗೆಯ ಹುಡುಗಿ ಚೌಡೇಶ್ವರಿ ಅವನನ್ನು ಮದುವೆಯಾಗಿ ಬಂದಾಗ ಆ ಅಂಗಡಿಯ ಮೂಲೆಯಲ್ಲಿ ಒಂದೇ ಒಂದು ಉಪ್ಪುನೀರಿನ ತೊಟ್ಟಿ ಇತ್ತು. ಅದರೊಳಗಿನದು ಮಾರಾಟಕ್ಕಲ್ಲ. ಮಂಗಳೂರಿನ ಮಾಲೀಕರು ಬೀಳ್ಕೊಡುವಾಗ ಕೊಟ್ಟಿದ್ದ ಹವಳದ ತುಂಡು ಅದು. ಗಟ್ಟಿ ಹವಳವನ್ನು ಮನೆಯಲ್ಲಿ ಸಾಕಲು ಕಾನೂನು ಬಿಡುವುದಿಲ್ಲವಂತೆ. ಇದು ಮೆತ್ತನೆಯ ಜಾತಿ, ಮುಟ್ಟಿದರೆ ತೊಗಲಿನಂತೆ. ಹೆಬ್ಬೆರಳಿನಷ್ಟಿದ್ದದ್ದು ವರ್ಷ ಕಳೆದಂತೆ ಊಟದ ತಟ್ಟೆಯಷ್ಟಾಯಿತು. ಕೆಳಗೆ ದಪ್ಪ ಕಾಂಡ, ಮೇಲೆ ಕೊಡೆ, ಥೇಟ್ ಅಣಬೆ. ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಆ ಕೊಡೆಯ ಮೇಲೆಲ್ಲ ಸಣ್ಣ ಸಣ್ಣ ಬೆರಳುಗಳು ಎದ್ದು ನೀರಿನ ಓಟಕ್ಕೆ ತೂಗತೊಡಗುತ್ತಿದ್ದವು. ಅಂಗಡಿಯ ಬಾಗಿಲು ತೆರೆದ ಮೇಲೆ ಮಾಲತೇಶ ಚಹಾ ಕುಡಿಯುತ್ತಿದ್ದದ್ದು ಅದು ಅರಳಿದ ಮೇಲೆಯೇ. ಅವರಿಗೆ ಮಕ್ಕಳಾಗಿರಲಿಲ್ಲ. ಆ ಮಾತು ಎತ್ತುವುದನ್ನು ನೆಂಟರು ಬಿಟ್ಟು ಎಷ್ಟೋ ಕಾಲವಾಗಿತ್ತು.

ಒಂದು ಬೆಳಗ್ಗೆ ಎದೆ ಹಿಡಿದುಕೊಂಡಿದೆ ಎಂದು ಶಿವಮೊಗ್ಗದ ಆಸ್ಪತ್ರೆಗೆ ಕಾರಿನಲ್ಲಿ ಹೊರಟವನು ಸವಳಂಗ ದಾಟಲಿಲ್ಲ. ಹೆಂಡತಿಯ ಹೆಗಲ ಮೇಲೆ ತಲೆ ಇಟ್ಟವನು ಹಾಗೇ ಭಾರವಾದ.

ಮಣ್ಣು ಮಾಡಿ, ಮುಂದಿನ ಕಾರ್ಯಗಳೆಲ್ಲ ಮುಗಿದು, ನೆಂಟರು ತಮ್ಮ ತಮ್ಮ ಊರಿನ ಬಸ್ಸು ಹತ್ತಿದರು. ಮಾಲತೇಶನ ತಾಯಿ ಉಚ್ಚಂಗೆಮ್ಮ ಮಾತ್ರ ಹತ್ತಲಿಲ್ಲ. ತಾನು ತಂದಿದ್ದ ಕಂಬಳಿಯನ್ನು ಸೊಸೆಯ ಮನೆಯ ನಡುಮನೆಯಲ್ಲಿ ಹಾಸಿ ಗೋಡೆಗೆ ಒರಗಿ ಕೂತಳು, ಅಷ್ಟೇ. ಅತ್ತದ್ದನ್ನು ಯಾರೂ ನೋಡಲಿಲ್ಲ. ಕೊಟ್ಟರೆ ಉಂಡಳು, ಕೊಡದಿದ್ದರೆ ಕೇಳಲಿಲ್ಲ. ಆಯಸ್ಸೆಲ್ಲ ಕುರಿಮಂದೆಯ ಹಿಂದೆ ಬಯಲಲ್ಲಿ ನಡೆದ ಹೆಂಗಸು, ಅಂಗಳಕ್ಕೂ ಕಾಲಿಡದೆ ಕೂತುಬಿಟ್ಟಳು. ಅತ್ತೆ-ಸೊಸೆಯರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಇಬ್ಬರೂ ಒಂದೇ ದುಃಖವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು.

ಅಂಗಡಿ ಬಾಡಿಗೆಯದು, ಬಿಡಬೇಕಾಯಿತು. ಬಣ್ಣದ ಮೀನುಗಳು, ಗಾಜಿನ ತೊಟ್ಟಿಗಳು, ಗಾಳಿ ಊದುವ ಯಂತ್ರಗಳು ಎಲ್ಲವನ್ನೂ ದಾವಣಗೆರೆಯ ಅಂಗಡಿಯವರು ಒಂದೇ ದಿನ ತುಂಬಿಕೊಂಡು ಹೋದರು. ಹವಳವನ್ನು ಚೌಡೇಶ್ವರಿ ಕೊಡಲಿಲ್ಲ. ಅದರ ದೊಡ್ಡ ತೊಟ್ಟಿಯನ್ನು ಮನೆಗೆ ಸಾಗಿಸಲೆಂದು ಎತ್ತುವಾಗ ಮೂಲೆ ಹಿಡಿದಿದ್ದವರ ಕೈ ಜಾರಿ ಗಾಜು ಸೀಳಿತು. ಹವಳ ಬಕೆಟ್ಟಿಗೆ ಬಂತು. ಬಕೆಟ್ಟಿನಲ್ಲಿ ಅದು ಮುದುಡಿ ಕೂತದ್ದನ್ನು ನೋಡಿ ಅವಳಿಗೆ ಕಾರಿನಲ್ಲಿ ಹೆಗಲ ಮೇಲೆ ಬಿದ್ದಿದ್ದ ಆ ಭಾರ ಮತ್ತೆ ಬಂದು ಕೂತಂತಾಯಿತು. ಗಂಡನ ಅಂಗಿ, ಚಪ್ಪಲಿ, ಫೋಟೋ ಎಲ್ಲ ಇದ್ದವು. ಆದರೆ ಅವನ ಕೈಯಲ್ಲಿ ಬೆಳೆದು ಇನ್ನೂ ಉಸಿರಾಡುತ್ತಿದ್ದದ್ದು ಇದೊಂದೇ. ಇದನ್ನು ಉಳಿಸಿಕೊಳ್ಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆಗ ಒದಗಿ ಬಂದವನು ನ್ಯಾಮತಿಯ ಓಂಕಾರ್, ಮಾಲತೇಶನ ಗೆಳೆಯ. ಮಣ್ಣಿಲ್ಲದೆ ಬರೀ ನೀರಿನಲ್ಲಿ ಸೊಪ್ಪು ಬೆಳೆಯುತ್ತೇನೆಂದು ಶೆಡ್ಡು ಹಾಕಿ, ತಟ್ಟೆ, ಪೈಪು, ಪಂಪು, ದೀಪ ಎಲ್ಲ ಜೋಡಿಸಿಕೊಂಡು, ಗರಿಗರಿ ಎನ್ನುವ ಪರದೇಶದ ಸೊಪ್ಪನ್ನು ಬೆಳೆದೇ ಬಿಟ್ಟಿದ್ದವನು. ಬೆಳೆ ಬಂತು, ಕೊಳ್ಳುವವರು ಬರಲಿಲ್ಲ. ಬಕೆಟ್ಟಿನೊಳಗೆ ಬಗ್ಗಿ ನೋಡಿ ಅವನು ಚೌಡೇಶ್ವರಿಗೆ ಹೇಳಿದ: “ನಮ್ಮ ಕಡೆ ಹಸಿ ಸೊಪ್ಪು ತಿನ್ನೋದನ್ನ ದನಕ್ಕೆ ಬಿಟ್ಟುಬಿಟ್ಟಾರೆ ಅತ್ತಿಗೆ. ನನ್ನ ಸಾಮಾನೆಲ್ಲ ಶೆಡ್ಡಿನಾಗೆ ಧೂಳು ತಿಂತಾ ಬಿದ್ದೈತೆ. ತಂದು ಹಾಕ್ತೀನಿ, ನೋಡೋಣ.”

ಮಾರನೆಯ ದಿನವೇ ಲಗೇಜ್ ಆಟೋದಲ್ಲಿ ತಂದು ಇಳಿಸಿದ. ಗೇಣುದ್ದ ಆಳದ, ಮಂಚದ ಅರ್ಧದಷ್ಟು ಅಗಲದ ಒಂದು ಕಪ್ಪು ಪ್ಲಾಸ್ಟಿಕ್ ತಟ್ಟೆ. ಸೊಪ್ಪಿನ ಬೇರು ಮುಳುಗಿಸಲು ಇದ್ದದ್ದು. ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡು. ಗೊಬ್ಬರದ ನೀರು ತುಂಬಿಡುವ ಟಬ್ಬು, ಮುಳುಗುವ ಪಂಪು, ಪೈಪಿನ ತುಂಡುಗಳು, ಸರಪಳಿಗೆ ನೇತುಹಾಕುವ ದೀಪಗಳು. ಗಾಜಿನ ತೊಟ್ಟಿಗೆ ಹಾಕುವ ಖರ್ಚಿನಲ್ಲಿ ಇಂಥವು ಹತ್ತು ಆಗುತ್ತವೆ ಎಂದ. ಆಳ ಕಡಿಮೆಯಾದ್ದರಿಂದ ನೀರೂ ಕಡಿಮೆ, ಉಪ್ಪೂ ಕಡಿಮೆ, ಬೆಳಕು ತಳದವರೆಗೂ ಮುಟ್ಟುವುದರಿಂದ ಸಣ್ಣ ದೀಪವೇ ಸಾಕು.

ಮಂಗಳೂರಿನ ಮಾಲೀಕರಿಗೆ ಫೋನು ಮಾಡಿದಾಗ ಅವರು ಎಲ್ಲಕ್ಕೂ ಸರಿ ಎಂದು, ಒಂದು ಮಾತಿಗೆ ಮಾತ್ರ ಗಟ್ಟಿ ನಿಂತರು. “ಸೊಪ್ಪಿಗೆ ಕೊಡುವ ಗೊಬ್ಬರದಲ್ಲಿ ತಾಮ್ರದ ಅಂಶ ಉಂಟು ಮಾರಾಯ್ತಿ. ಗಿಡಕ್ಕೆ ಅದು ಬೇಕು, ಹವಳಕ್ಕೆ ಅದು ವಿಷ. ಚೂರು ಉಳಿದರೂ ಹವಳ ಉಳಿಯುವುದಿಲ್ಲ. ತೊಳಿ, ಮತ್ತೆ ತೊಳಿ.”

ಚೌಡೇಶ್ವರಿ ತೊಳೆದಳು. ವಿನೆಗರ್ ಹಾಕಿ ನೆನೆಸಿದಳು, ನಿಂಬೆಹೋಳಿನಿಂದ ಉಜ್ಜಿದಳು, ಬಿಸಿಲಿಗೆ ಒಣಗಿಸಿ ಮತ್ತೆ ಉಜ್ಜಿದಳು. ಬೆರಳ ತುದಿ ಬಿರಿಯಿತು. ಕಂಬಳಿಯ ಮೇಲಿಂದ ನೋಡುತ್ತಿದ್ದ ಉಚ್ಚಂಗೆಮ್ಮ ಎಷ್ಟೋ ದಿನಗಳ ಮೇಲೆ ತಾನಾಗಿ ಬಾಯಿ ತೆರೆದಳು.

“ಕುರಿಗೆ ನೀರು ಕುಡಿಸೋ ಬಾನಿ ಇದ್ದಂಗೈತೆ. ಬಾನಿ ತೊಳೆಯಾಕೆ ನಿಂಬೆಹಣ್ಣು ಯಾತಕ್ಕವ್ವ? ಬೂದಿ ತಗ.”

“ಇರಲಿ ಬಿಡ್ರಿ ಅತ್ತೆ,” ಎಂದಳು ಸೊಸೆ. ತಾಮ್ರದ ವಿಷಯ ಹೇಳಬಹುದಿತ್ತು. ಮುದುಕಿಗೆ ಅದೆಲ್ಲ ಯಾಕೆ ಎಂದುಕೊಂಡಳು.

ತಟ್ಟೆ ಸ್ಟ್ಯಾಂಡಿನ ಮೇಲೆ ಕೂತಿತು, ಟಬ್ಬು ಅದರ ಕೆಳಗೆ. ಪಂಪು ಟಬ್ಬಿನಿಂದ ನೀರನ್ನು ಮೇಲಕ್ಕೆ ತಳ್ಳುತ್ತಿತ್ತು, ತಟ್ಟೆಯ ಮೂಲೆಯ ತೂತಿಗೆ ನಿಲ್ಲಿಸಿದ ಪೈಪಿನಿಂದ ಹೆಚ್ಚಾದದ್ದು ಕೆಳಗಿಳಿಯುತ್ತಿತ್ತು. ಸೀಲಿಂಗಿಗೆ ಹಾಕುವ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ, ಪೈಪಿನ ತುಂಡುಗಳ ಕಾಲು ಕೊಟ್ಟು, ಹವಳಕ್ಕೆ ಪೀಠ ಮಾಡಿದರು. ನಲ್ಲಿಯ ನೀರು ಆಗದೆಂದು, ಕಾಯಿನ್ ಹಾಕಿದರೆ ನೀರು ಬಿಡುವ ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ಹೊತ್ತು ತಂದು, ಅಂಗಡಿಯಲ್ಲಿ ಮಿಕ್ಕಿದ್ದ ಸಮುದ್ರದ ಉಪ್ಪು ಕಲಸಿದರು. ಸೊಪ್ಪಿನ ನೇರಳೆ ದೀಪ ತೆಗೆದು ಬಿಳಿ, ನೀಲಿ ದೀಪ ನೇತುಹಾಕಿದರು. ತೊಟ್ಟಿ ಒಡೆದಾಗ ಉಳಿಸಿಕೊಂಡಿದ್ದ ಕಲ್ಲು, ಬಸವನಹುಳುಗಳನ್ನು ಮೊದಲು ಬಿಟ್ಟು, ನೀರು ಹದಕ್ಕೆ ಬಂದ ಮೇಲೆ ಹವಳವನ್ನು ಇಳಿಸಿದರು.

ಅದು ಅರಳಲಿಲ್ಲ. ಚೌಡೇಶ್ವರಿ ಈಗ ಹೊಟ್ಟೆಪಾಡಾಗಿದ್ದ ಬ್ಲೌಸ್ ಹೊಲಿಗೆಗೆ ಕೂತರೂ ಕಣ್ಣು ತಟ್ಟೆಯ ಕಡೆಗೇ. ವಾರ ಕಳೆದು ಒಂದು ಮಧ್ಯಾಹ್ನ ಅವಳು ಒಲೆಯ ಮುಂದಿದ್ದಾಗ ನಡುಮನೆಯಿಂದ ಅತ್ತೆಯ ದನಿ ಬಂತು. “ಚೌಡಮ್ಮ, ಬಾ ಇಲ್ಲಿ. ಉಣ್ಣೆ ಬಿಟ್ಟೈತೆ ನೋಡು ಇದು.”

ಬಂದು ನೋಡಿದರೆ ಕೊಡೆಯ ತುಂಬ ಬೆರಳು. ಮೇಲಿಂದ ನೋಡುವ ತಟ್ಟೆಯಾದ್ದರಿಂದ, ಹಿಂದೆ ಗಾಜಿನ ಪಕ್ಕದಿಂದ ಕಾಣದಿದ್ದದ್ದೆಲ್ಲ ಕಂಡಿತು: ಗಾಳಿಗೆ ನಿಂತ ಕುರಿಯ ಬೆನ್ನಿನ ಹಾಗೆ ಇಡೀ ಹವಳ ಅಲೆಯಾಡುತ್ತಿತ್ತು. ಉಚ್ಚಂಗೆಮ್ಮ ಎದ್ದು ನಿಂತಿದ್ದಳು. ಆವತ್ತು ಊಟಕ್ಕೆ ಇನ್ನಷ್ಟು ಮುದ್ದೆ ಹಾಕಿಸಿಕೊಂಡು ಉಂಡಳು.

ಅಲ್ಲಿಂದ ಮುದುಕಿಗೆ ಒಂದು ಕೆಲಸ ಸಿಕ್ಕಿತು. ಬೇಸಿಗೆ ಏರಿದಂತೆ ಅಷ್ಟು ಅಗಲದ, ಅಷ್ಟು ತೆಳ್ಳನೆಯ ನೀರು ಆವಿಯಾಗಿ ಹೋಗುತ್ತಿತ್ತು. ಉಪ್ಪು ಮಾತ್ರ ಉಳಿದು, ಮಿಕ್ಕ ನೀರು ಇನ್ನಷ್ಟು ಉಪ್ಪಾಗುತ್ತಿತ್ತು. ಕೆಳಗಿನ ಟಬ್ಬಿನ ಗೋಡೆಗೆ ಚೌಡೇಶ್ವರಿ ಉಗುರು ಬಣ್ಣದಿಂದ ಗೀಟು ಎಳೆದು, ಗೀಟಿನವರೆಗೆ ಬರೀ ಸಿಹಿನೀರು ಹಾಕಬೇಕು, ಮೇಲೆ ತಟ್ಟೆಯೊಳಗೆ ಮಾತ್ರ ಕೈ ಹಾಕಬ್ಯಾಡ್ರಿ ಎಂದು ಹೇಳಿದಳು. ಉಚ್ಚಂಗೆಮ್ಮ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಗ್ಗೆ ದೀಪ ಹಾಕುವಾಗ ಹಟ್ಟಿಯ ಬಾಗಿಲು ತೆಗೆಯುವಂತೆ ಗಂಟಲಲ್ಲಿ ಒಂದು ಸದ್ದು ಮಾಡುತ್ತಿದ್ದಳು. ಆಮೇಲೆ ಬಾನಿಯ ಪಕ್ಕ ಕಂಬಳಿ ಎಳೆದುಕೊಂಡು ಮೆಲ್ಲಗೆ ಮಾತಾಡುತ್ತಿದ್ದಳು. ಮಾಲತೇಶ ಎಳೆಗೂಸಾಗಿದ್ದಾಗ ಮರಿಗಳ ಜೊತೆ ಬುಟ್ಟಿಯಲ್ಲಿ ಹೊತ್ತು ಊರೂರು ತಿರುಗಿದ್ದು, ಅವನಿಗೆ ದಡಾರ ಎದ್ದಿದ್ದು, ಇಂಥವು. ಸೊಸೆಯ ಹತ್ತಿರ ಒಂದು ದಿನವೂ ಆಡದ ಮಾತುಗಳು.

ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಚೌಡೇಶ್ವರಿಗೆ ಸಮಾಧಾನವೂ ಆಗುತ್ತಿತ್ತು, ಹೊಟ್ಟೆಯಲ್ಲಿ ಸಣ್ಣಗೆ ಉರಿಯೂ ಆಗುತ್ತಿತ್ತು. ಅವನ ಬಾಲ್ಯವೆಲ್ಲ ಮುದುಕಿಯದು; ಹವಳವಾದರೂ ತನ್ನದಲ್ಲವೇ? ಅದರ ಗುಟ್ಟುಗಳನ್ನು ಮಾಲತೇಶ ತನಗೊಬ್ಬಳಿಗೇ ಹೇಳಿಕೊಟ್ಟಿದ್ದ. ಅತ್ತೆ ಏನಾದರೂ ಕೇಳಿದರೆ ಅರ್ಧ ಹೇಳಿ ಅರ್ಧ ನುಂಗುತ್ತಿದ್ದಳು. ಕೇಡು ಬಯಸಿದ್ದಲ್ಲ. ಒಂದು ಹಿಡಿಯಷ್ಟು ತನಗೆಂದೇ ಇಟ್ಟುಕೊಂಡಿದ್ದಳು, ಅಷ್ಟೇ.

ಹೀಗಿರುವಾಗ ತ್ಯಾವಣಿಗೆಯಲ್ಲಿ ತಂಗಿ ಸುನೀತಾಳ ಹೊಸ ಮನೆಯ ಪ್ರವೇಶ ಬಂತು. ಗಂಡ ಹೋದ ಮೇಲೆ ಚೌಡೇಶ್ವರಿ ಯಾವ ಶುಭಕಾರ್ಯಕ್ಕೂ ಹೋಗಿರಲಿಲ್ಲ. ಸುನೀತಾ ಬಂದು ಕೈ ಹಿಡಿದು ಕೇಳಿದ್ದರಿಂದ ಒಪ್ಪಿದಳು. ಹೊರಡುವ ಬೆಳಗ್ಗೆ ಹವಳ ಸ್ವಲ್ಪ ಒಳಗೆ ಎಳೆದುಕೊಂಡಂತಿತ್ತು. ಬೆರಳುಗಳಿಲ್ಲ, ಕೊಡೆಯ ಮೇಲೆ ಮೇಣ ಬಳಿದಂಥ ಹೊಳಪು. ಅವಳಿಗೆ ಅದು ಏನೆಂದು ಗೊತ್ತಿತ್ತು. ಅತ್ತೆ ಹಿಂದೆ ನಿಂತು, “ಯಾಕೋ ಮಂಕಾಗೈತಲ್ಲ” ಎಂದಳು. ಬಸ್ಸಿನ ಹೊತ್ತಾಗಿತ್ತು. “ಏನಾಗಲ್ಲ ಬಿಡ್ರಿ,” ಎಂದು ಚೀಲ ಎತ್ತಿಕೊಂಡು ಹೊರಟಳು.

ಎರಡು ರಾತ್ರಿ ಕಳೆದು ಮಧ್ಯಾಹ್ನ ಮರಳಿದಳು. ಬಾಗಿಲಲ್ಲೇ ವಾಸನೆ ತಾಕಿತು. ಬಸವನಹುಳುಗಳೆಲ್ಲ ತಟ್ಟೆಯ ತಳದಲ್ಲಿ ಅಂಗಾತ ಬಿದ್ದಿದ್ದವು. ಹವಳದ ಅಂಚು ಕರಗಿ ಬೂದುಬಣ್ಣದ ಎಳೆಗಳಾಗಿ ನೀರಿನಲ್ಲಿ ತೇಲುತ್ತಿತ್ತು. ಉಚ್ಚಂಗೆಮ್ಮ ಬಾನಿಯ ಪಕ್ಕದಲ್ಲೇ ಕೂತಿದ್ದಳು, ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕಾಯಿಲೆಯ ಕುರಿಯ ಪಕ್ಕ ಇರುಳೆಲ್ಲ ಕೂತು ರೂಢಿಯಾದವರ ಧೈರ್ಯ ಇತ್ತು.

“ಅತ್ತೆ, ನೀರಿಗೆ ಏನಾದ್ರೂ ಹಾಕಿದ್ರಾ?”

“ಹಾಕಿದೆ. ಒಂದು ಚಿಟಿಕೆ ಮೈಲುತುತ್ತ.” ಮುದುಕಿ ಬಿಡಿಸಿ ಹೇಳಿದಳು. “ನೀನು ಹೋದ ಮ್ಯಾಲೆ ಲೋಳೆ ಕಟ್ಟಿತು ಕಣವ್ವ, ಗೊರಸು ಕೊಳೆತಾಗ ಕಟ್ಟುತ್ತಲ್ಲ, ಹಂಗೆ. ಎಷ್ಟು ಕುರಿ ಉಳಿಸೀನಿ ಅದ್ರಾಗೆ. ಮಾಲತೇಶನೂ ಮೀನಿಗೆ ಕಜ್ಜಿ ಬಂದ್ರೆ ಅದನ್ನೇ ಹಾಕ್ತಿದ್ದ, ನನ್ನ ಕೇಳಿ ಕಲ್ತಿದ್ದ. ನಾಳೆ ಹೊತ್ತಿಗೆ ಎದ್ದು ನಿಲ್ತೈತೆ, ಸುಮ್ಕಿರು.”

ಮಗ ಸತ್ತಾಗಿನಿಂದ ಹೊಸ್ತಿಲು ದಾಟದ ಆ ಹೆಂಗಸು, ಬಿಸಿಲಲ್ಲಿ ದಾರಿ ಕೇಳುತ್ತ ಗೊಬ್ಬರದ ಅಂಗಡಿಗೆ ನಡೆದು ಹೋಗಿದ್ದಳು. ಅಡಿಕೆ ತೋಟದವರು ಚೀಲಗಟ್ಟಲೆ ಒಯ್ಯುವ ಆ ನೀಲಿ ಹರಳನ್ನು ಅಂಗಡಿಯವನು ಒಂದು ಕಾಗದದಲ್ಲಿ ಸುಮ್ಮನೆ ಕಟ್ಟಿ ಕೊಟ್ಟಿದ್ದ. ಮೈಲುತುತ್ತವೆಂದರೆ ತಾಮ್ರವೇ. ಮಾಲತೇಶ ಅದನ್ನು ಸಿಹಿನೀರಿನ ಮೀನಿಗೆ ಹಾಕುತ್ತಿದ್ದದ್ದು ನಿಜ. ಆದರೆ ಹಾಕಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಹವಳದ ತೊಟ್ಟಿಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಅದನ್ನು ನೋಡಿದ್ದವಳು ಚೌಡೇಶ್ವರಿ ಒಬ್ಬಳೇ.

ಅವಳು ಚೀಲವನ್ನು ಅಲ್ಲೇ ಬಿಟ್ಟಳು. ಹವಳವನ್ನು ಬಕೆಟ್ಟಿಗೆ ಎತ್ತಿದಳು, ಇದ್ದಬದ್ದ ಉಪ್ಪನ್ನೆಲ್ಲ ಕಲಸಿದಳು, ತಟ್ಟೆಯ ನೀರನ್ನು ಕೊಡಗಟ್ಟಲೆ ಮೋರಿಗೆ ಚೆಲ್ಲಿದಳು. ಓಂಕಾರ್ ಕ್ಯಾನುಗಳಲ್ಲಿ ನೀರು, ವಿಷ ಹೀರಲೆಂದು ಇದ್ದಿಲಿನ ಪುಡಿ ತಂದ. ಕರಗಿದ ಭಾಗವನ್ನು ಬ್ಲೇಡಿನಿಂದ ಕೊಯ್ದು ನೋಡಿದರು. ಕೊಯ್ದಷ್ಟೂ ಒಳಗೆ ಕರಗಿತ್ತು. ಮಾರನೆಯ ಸಂಜೆಗೆ ಕಾಂಡವೂ ಕೈಯಲ್ಲಿ ಬೆಂದ ಗೆಣಸಿನಂತೆ ಬಿಟ್ಟುಕೊಂಡಿತು. ಓಂಕಾರ್ ಕೈ ಒರೆಸಿಕೊಂಡು, “ಆತು ಅತ್ತಿಗೆ,” ಎಂದು ಹೊರಗೆ ಹೋಗಿ ನಿಂತ.

ಉಚ್ಚಂಗೆಮ್ಮ ಅಷ್ಟು ಹೊತ್ತೂ ಗೋಡೆ ಹಿಡಿದು ನೋಡುತ್ತಿದ್ದಳು. ಔಷಧಿ ಹಾಕಿದ ನೀರನ್ನು ಸೊಸೆ ಚೆಲ್ಲಿದ ರೀತಿಯಲ್ಲೇ ಅವಳಿಗೆ ಅರ್ಥವಾಗಿತ್ತು. ಆದರೂ ಕೇಳಿದಳು: “ನನ್ನ ಕೈಯಿಂದ್ಲೇ ಹೋತಾ?”

ಇಲ್ಲ ಎನ್ನಬಹುದಿತ್ತು. ಬಿಸಿಲಿಗೆ ಹೋಯಿತು, ಕರೆಂಟು ಹೋಗಿ ಹೋಯಿತು, ಏನೋ ಒಂದು. ಚೌಡೇಶ್ವರಿಯ ನಾಲಿಗೆ ತಿರುಗಲಿಲ್ಲ. ಒಂದು ವರ್ಷದಿಂದ ಅಳದೆ ಉಳಿದಿದ್ದದ್ದೆಲ್ಲ ಸಿಟ್ಟಾಗಿ ಬಂತು.

“ಹೌದು ಅತ್ತೆ. ಅದಕ್ಕೆ ರೋಗಾನೇ ಇರಲಿಲ್ಲ. ಪೊರೆ ಬಿಡ್ತಿತ್ತು ಅದು. ಆಗಾಗ ಬಿಡ್ತೈತೆ. ವಾರ ಮಂಕಾಗಿದ್ದು, ಮೇಲಿನ ಲೋಳೆ ಕಳಚಿ, ಮತ್ತೆ ತಾನೇ ಅರಳ್ತೈತೆ. ನೀವು ಹಾಕಿದ್ದು ವಿಷ.”

ಮುದುಕಿ ಗೋಡೆ ಬಿಟ್ಟು ಬಂದು ಬಾನಿಯ ಅಂಚಿಗೆ ಕೈ ಇಟ್ಟಳು.

“ನಿಂಗೆ ಗೊತ್ತಿತ್ತಾ, ಹೋಗಾಕ ಮುಂಚೆ?”

“ಗೊತ್ತಿತ್ತು.”

“ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲವ್ವ,” ಎಂದಳು ಉಚ್ಚಂಗೆಮ್ಮ. ದನಿಯಲ್ಲಿ ದೂರು ಇರಲಿಲ್ಲ, ಬರೀ ಆಯಾಸ. “ಉಣ್ಣೆ ಕತ್ತರಿಸಿದ ಕುರಿ ನಾಕು ದಿನ ಮೂಲೆ ಹಿಡಿತೈತೆ. ಮೈ ತಣ್ಣಗಾಗಿ ಮೇವು ಬಿಡ್ತೈತೆ. ಅದನ್ನ ನೋಡ್ಕಂತಲೇ ಮುದುಕಿ ಆಗೀನಿ. ಅಂಥಾದ್ದು ನಂಗೆ ತಿಳಿತಿರಲಿಲ್ಲಾ?”

ಚೌಡೇಶ್ವರಿ ಒಲೆಯ ಮುಂದೆ ಹೋಗಿ ಕೂತಳು. ಹಚ್ಚಲಿಲ್ಲ.

ಎರಡು ದಿನ ಬಿಟ್ಟು ಉಚ್ಚಂಗೆಮ್ಮ ಕಂಬಳಿ ಮಡಿಸಿದಳು. ಬಿಳಿಚೋಡಿಗೆ ಹೋಗುತ್ತೇನೆ, ರೇವಣ್ಣನ ಹೆಂಡತಿಗೆ ಕೈ ಆಸರೆ ಬೇಕಂತೆ ಎಂದಳು. ಅದು ನೆಪವೆಂದು ಇಬ್ಬರಿಗೂ ಗೊತ್ತು. ಚೌಡೇಶ್ವರಿ ಇರ್ರಿ ಎನ್ನಲಿಲ್ಲ. ಬುತ್ತಿ ಕಟ್ಟಿಕೊಟ್ಟಳು. ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು, ಜಗಳೂರಿನ ಬಸ್ಸು ಹತ್ತಿಸಬೇಕೆಂದು ಕಂಡಕ್ಟರಿಗೆ ಹೇಳಿದಳು. ಬಸ್ಸು ಹೊರಡುವ ಮೊದಲು ಮುದುಕಿ ಕಿಟಕಿಯಿಂದ ಕೈ ಚಾಚಿ ಸೊಸೆಯ ಬೆರಳುಗಳನ್ನು ಹಿಡಿದುಕೊಂಡಳು. “ನೀನು ಸುಳ್ಳು ಹೇಳಲಿಲ್ಲ, ಒಳ್ಳೇದಾತು. ಇಲ್ಲದಿದ್ರೆ ಬಿಸ್ಲಿಗೆ ಹೋತು ಅಂತ ಬಿಸ್ಲನ್ನ ಬೈಕೊಂತ ಇರ್ತಿದ್ದೆ.” ಬಸ್ಸು ಹೋಯಿತು.

ತಟ್ಟೆಯನ್ನು, ಟಬ್ಬನ್ನು ಓಂಕಾರ್ ಒಯ್ದ. ಪ್ಲಾಸ್ಟಿಕ್ಕಿನ ಮೈಯೊಳಗೆ ತಾಮ್ರ ಇಳಿದಿರುತ್ತದೆ, ಇನ್ನು ಹವಳಕ್ಕೆ ಆಗದು ಎಂದು ಮಂಗಳೂರಿನವರು ಹೇಳಿದ್ದರು. ಬೇರೆ ತುಂಡು ಕಳಿಸುತ್ತೇನೆ ಎಂದೂ ಹೇಳಿದ್ದರು. ಬೇಡ ಎಂದಳು ಚೌಡೇಶ್ವರಿ. ಬರುವ ತುಂಡು ಹವಳವೇ ಇರಬಹುದು, ಮಾಲತೇಶ ಮುಟ್ಟಿದ್ದಾಗಿರುವುದಿಲ್ಲ.

ಈಗ ಸಂಜೆ ಹೊಲಿಗೆ ಮುಗಿಸಿ ಅವಳು ಬಿಳಿಚೋಡಿಗೆ ಫೋನು ಮಾಡುತ್ತಾಳೆ. ರೇವಣ್ಣನ ಹೆಂಡತಿ ಫೋನನ್ನು ಮುದುಕಿಯ ಕಿವಿಗೆ ಕೊಡುತ್ತಾಳೆ. ಉಂಡೆಯಾ ಎಂದು ಅತ್ತೆ ಕೇಳುತ್ತಾಳೆ, ಬಿಸಿಲು ಹೆಂಗೈತೆ ಎಂದು ಸೊಸೆ ಕೇಳುತ್ತಾಳೆ. ಆಮೇಲೆ ಮಾತು ಮುಗಿಯುತ್ತದೆ, ಫೋನು ಮುಗಿಯುವುದಿಲ್ಲ. ಆಚೆ ಕಡೆ ಕುರಿಗಳು ಹಟ್ಟಿಗೆ ಬರುವ ಸದ್ದು, ಮುದುಕಿಯ ಉಸಿರು. ಅವರಿಗೆ ದಡಾರ ಎದ್ದ ಕತೆ ನನಗೂ ಹೇಳ್ರಿ ಎಂದು ಕೇಳಬೇಕು ಎಂದುಕೊಂಡೇ ಚೌಡೇಶ್ವರಿ ದಿನಾ ಫೋನು ಹಚ್ಚುತ್ತಾಳೆ. ತಪ್ಪು ನಂದೂ ಐತೆ ಎನ್ನಬೇಕೆಂದೂ ಇರುತ್ತದೆ. ಎರಡನ್ನೂ ನಾಳೆಗೆಂದು ಉಳಿಸುತ್ತಾಳೆ.

“ಇಡ್ಲಾ ಹಂಗಾದ್ರೆ?” ಎನ್ನುತ್ತಾಳೆ ಉಚ್ಚಂಗೆಮ್ಮ, ಸ್ವಲ್ಪ ಕಾದು.

“ಇಡ್ರಿ ಅತ್ತೆ,” ಎನ್ನುತ್ತಾಳೆ ಇವಳು.